ಫುಪ್ಪು ಹಿಡಿದ ಚಂದ್ರ

ನಮ್ಮ ಮನೆಯಲ್ಲಿ ಫುಪ್ಪುವಿನ ಒಪ್ಪಿಗೆ ಇಲ್ಲದೆ ಕೋಳಿಮೊಟ್ಟೆ ಕೂಡ ಒಡೆದು ಮರಿಯಾಗುವುದಿಲ್ಲ! ಕಾವಿಗೆ ಕೂರಿಸುವ ಮೊದಲೇ, ಮರಿ ಹೊರಬರುವ ದಿನ ಯಾವ ಹಬ್ಬಕ್ಕೆ ಅಡ್ಡ ಬರುತ್ತದೆ ಎಂದು ಅವರು ಗೋಡೆಯ ಉರ್ದು ಕ್ಯಾಲೆಂಡರ್ ನೋಡಿರುತ್ತಾರೆ. ಕೋಳಿಗೇ ಈ ಗತಿಯಾದರೆ ನಮ್ಮ ಪಾಡೇನು?

ಫುಪ್ಪು ಎಂದರೆ ನನ್ನ ಅಪ್ಪನ ಅಕ್ಕ. ನನ್ನ ತಾಯಿ ತೀರಿಕೊಂಡಾಗ ನನಗೆ ನಡೆಯಲೂ ಬರುತ್ತಿರಲಿಲ್ಲವಂತೆ. ದೇವನಹಳ್ಳಿ ಹತ್ತಿರ, ಆವತಿ ಊರಿನ ಪಕ್ಕದ ಹಳ್ಳಿಯಲ್ಲಿ ಹಿಪ್ಪುನೇರಳೆ ತೋಟ ನೋಡಿಕೊಂಡು, ರೇಷ್ಮೆಹುಳುಗಳ ಜೊತೆಗೆ ನನ್ನನ್ನೂ ಸಾಕಿದವರು ಅವರೇ. ಪ್ರೀತಿ ಉಕ್ಕಿದಾಗ ಉರ್ದು, ಗದರುವಾಗ ಕನ್ನಡ. ಹಾಗಾಗಿ ನನ್ನ ಕನ್ನಡ ಬಹಳ ಚೆನ್ನಾಗಿದೆ!

ಆ ಉರ್ದು ಕ್ಯಾಲೆಂಡರಿನ ಚಂದ್ರನ ವರ್ಷ ನಮ್ಮ ಶಾಲೆ-ಕಚೇರಿಗಳ ವರ್ಷಕ್ಕಿಂತ ಹತ್ತು ಹನ್ನೊಂದು ದಿನ ಚಿಕ್ಕದು. ಶಾಲೆಯವರು ನನ್ನ ಹುಟ್ಟಿದ ದಿನವನ್ನು ಬೇಸಿಗೆಯಲ್ಲಿ ಬರೆದುಕೊಂಡರೆ, ಫುಪ್ಪು ಅದನ್ನು ವರ್ಷವರ್ಷವೂ ಹಿಂದಕ್ಕೆ ತಳ್ಳುತ್ತಾ ಚಳಿಗಾಲ ದಾಟಿಸಿ ಮಳೆಗಾಲಕ್ಕೆ ತಂದು ನಿಲ್ಲಿಸಿದ್ದರು. ವಯಸ್ಸೂ ಅದೇ ಲೆಕ್ಕದಲ್ಲಿ ಬೆಳೆಯುತ್ತಿತ್ತು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ, ಎಲ್ಲರ ಮನೆಯಲ್ಲೂ ಹುಡುಗಿಯ ವಯಸ್ಸನ್ನು ಒಂದಿಷ್ಟು ಇಳಿಸುತ್ತಾರಲ್ಲ, ನಮ್ಮ ಫುಪ್ಪು ಪುಕ್ಕಟೆಯಾಗಿ ಸುಮಾರು ಒಂದು ವರ್ಷ ಏರಿಸಿ ಹೇಳಿದರು! ಅದನ್ನು ಕೇಳಿಯೂ ಒಪ್ಪಿದ ಪುಣ್ಯಾತ್ಮ ನನ್ನ ಗಂಡ.

ಮದುವೆಯ ದಿನ ಗೊತ್ತುಮಾಡುವುದೂ ಸುಲಭವಾಗಲಿಲ್ಲ. ರಂಜಾನಿನಲ್ಲಿ ಬೇಡ, ಮೊಹರಂನಲ್ಲಿ ಬೇಡ, ಬಕ್ರೀದ್ ವಾರದಲ್ಲಿ ನೆಂಟರು ಬರುವುದಿಲ್ಲ. ದೇವನಹಳ್ಳಿಯ ಕಲ್ಯಾಣಮಂಟಪದವನಿಗೆ ಫುಪ್ಪು ಎಷ್ಟು ಸಲ ಫೋನ್ ಮಾಡಿದರೆಂದರೆ, ಆಮೇಲೆ ಅವನೇ ಇವರಿಗೆ ಫೋನ್ ಮಾಡತೊಡಗಿದ.

"ಅಮ್ಮಾ, ಈ ಸಲ ಆಷಾಢಾನೂ ಮೊಹರಂನೂ ಒಟ್ಟಿಗೇ ಬರ್ತವಾ?"

"ಹೂಂ ಕಣಪ್ಪಾ, ಒಟ್ಟಿಗೇ."

"ಹಂಗಾದ್ರೆ ಯಾರೂ ಬರಲ್ಲ ಬಿಡಿ. ಸುಣ್ಣಬಣ್ಣ ಹೊಡಿಸ್ಬಿಡ್ತೀನಿ!"

ನಾನು ಬಸುರಿಯಾಗಿ ಚೊಚ್ಚಲ ಹೆರಿಗೆಗೆಂದು ಫುಪ್ಪುವಿನ ಮನೆಗೆ ಬಂದಾಗ ರಂಜಾನ್ ಹತ್ತಿರವಿತ್ತು. ಫುಪ್ಪು ಎಲ್ಲವನ್ನೂ ಮೊದಲೇ ತೀರ್ಮಾನಿಸಿಬಿಟ್ಟಿದ್ದರು. ಹುಳುಗಳು ಹಬ್ಬಕ್ಕೆ ಮುಂಚೆ ಗೂಡು ಕಟ್ಟಿ ಮುಗಿಸಬೇಕು, ಮಗು ಹಬ್ಬ ಕಳೆದ ಮೇಲೆ ಹುಟ್ಟಬೇಕು. ಇದನ್ನು ಡಾಕ್ಟರಿಗೂ ತಿಳಿಸಿದರು.

"ಡಾಕ್ಟ್ರೇ, ಹಬ್ಬ ಆದ್ಮೇಲೆ ಇಟ್ಕೊಳ್ಳಿ."

"ಅಮ್ಮಾ, ಇದು ಮದುವೆ ಅಲ್ಲ, ಹೆರಿಗೆ!"

"ಮದುವೆ ಆಗಿದ್ರೆ ನಿಮ್ಮನ್ಯಾಕೆ ಕೇಳ್ತಿದ್ದೆ?"

ಆದರೆ ಆ ವರ್ಷ ಮೋಡ ಕವಿದು ತಂಡಿ ಹಿಡಿಯಿತು. ಹುಳುಗಳು ಮಂಕಾಗಿ ಸೊಪ್ಪು ತಿನ್ನುವುದನ್ನೇ ನಿಧಾನ ಮಾಡಿದವು. ಹೊಟ್ಟೆಯೊಳಗಿನ ಮಗುವಿಗೋ ವಿಪರೀತ ಆತುರ! ಹಬ್ಬದ ಬೆಳಿಗ್ಗೆ ಗಂಡಸರೆಲ್ಲ ನಮಾಜಿಗೆಂದು ಈದ್ಗಾ ಮೈದಾನಕ್ಕೆ ಹೋದ ಹೊತ್ತಿಗೆ ಹುಳುಮನೆಯಲ್ಲಿ ಹುಳುಗಳು ಹಣ್ಣಾಗಿ ಗೂಡು ಕಟ್ಟಲು ನಿಂತವು, ನಡುಮನೆಯಲ್ಲಿ ನನಗೆ ನೋವು ಶುರುವಾಯಿತು. ಹಣ್ಣಾದ ಹುಳುಗಳನ್ನು ಆಗಿಂದಾಗಲೇ ಆರಿಸಿ ಚಂದ್ರಿಕೆಯ ಬಿದಿರು ತಟ್ಟೆಗೆ ಬಿಡದಿದ್ದರೆ ಗೂಡು ಕಟ್ಟುವ ನೂಲೆಲ್ಲ ವ್ಯರ್ಥ. ಇಡೀ ಬೆಳೆಯೇ ಮಣ್ಣುಪಾಲು. ಬೆಳೆ ಬಿಟ್ಟು ಫುಪ್ಪು ಒಂದು ದಿನವೂ ಕದಲಿದವರಲ್ಲ. ಆದರೆ ಅವರಿಲ್ಲದೆ ಹೆರಿಗೆ ಕೋಣೆಗೆ ಹೋಗುವ ಧೈರ್ಯ ನನಗಿರಲಿಲ್ಲ.

"ಫುಪ್ಪು, ಹುಳು?" ಎಂದೆ, ಹಲ್ಲು ಕಚ್ಚಿಕೊಂಡು.

"ಹುಳಕ್ಕಾದ್ರೂ ಗೂಡು ಕಟ್ಟೋದು ಗೊತ್ತು. ನಿನಗೇನು ಗೊತ್ತು? ನಡಿ ಆಟೋ ಹತ್ತು!" ಎಂದು ಗದರಿದರು.

ಅಷ್ಟರಲ್ಲಿ ಹಬ್ಬದೂಟಕ್ಕೆಂದು ಪಕ್ಕದ ಮನೆಯ ಜಯಮ್ಮ ಸೊಸೆಯಂದಿರ ಜೊತೆ ಬಂದರು. "ನೀನು ಹೋಗಕ್ಕ, ನಾವೇನು ಹುಳು ಸಾಕಿಲ್ವಾ? ನೋಡ್ಕೊತೀವಿ" ಎಂದು ಸೆರಗು ಸಿಕ್ಕಿಸಿಕೊಂಡೇಬಿಟ್ಟರು. ಹಬ್ಬದೂಟವೂ ಇಲ್ಲದೆ, ರೇಷ್ಮೆ ಸೀರೆ ಉಟ್ಟುಕೊಂಡೇ ಸಂಜೆಯವರೆಗೂ ಅವರು ರೇಷ್ಮೆಹುಳು ಆರಿಸಿದರು. ಅವರ ಋಣ ನಾನು ತೀರಿಸಲಾರೆ.

ಆಸ್ಪತ್ರೆಯಲ್ಲಿ ಫುಪ್ಪು ನನ್ನ ಕೈ ಬಿಡಲಿಲ್ಲ. ಮೈಮೇಲೆ ಹುಳುಮನೆಯ ಹಳೇ ಸೀರೆ, ಬಾಯಲ್ಲಿ ದುವಾ. ಮಧ್ಯಾಹ್ನ ಮಗಳು ಹುಟ್ಟಿದಳು.

ಮರುವರ್ಷದ ಹಬ್ಬಕ್ಕೆ ನಾವು ಬಂದಾಗ ಫುಪ್ಪು ನನ್ನ ಮಗಳಿಗೆ ಹಸಿರು ಲಂಗ ಹೊಲಿಸಿ, ಹಾಲು-ಶಾವಿಗೆಯ ಶೀರ್ ಖುರ್ಮಾ ಮಾಡಿ, "ವರ್ಷ ತುಂಬಿತು" ಎಂದು ಊರಿಗೆಲ್ಲ ಹಂಚಿದರು. ಅವರ ಲೆಕ್ಕ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಹತ್ತು ಹನ್ನೊಂದು ದಿನ ಕಳೆದಿರಬೇಕು, ನಾವಿನ್ನೂ ಅಲ್ಲೇ ಇದ್ದೆವು, ಮಗಳು ಹುಟ್ಟಿದ್ದೆಂದು ಆಸ್ಪತ್ರೆಯವರು ಬರೆದುಕೊಟ್ಟ ತಾರೀಖು ಬಂತು. ಬೆಳಿಗ್ಗೆ ಎದ್ದು ನೋಡಿದರೆ ಅಡುಗೆಮನೆಯಲ್ಲಿ ಮತ್ತೆ ಹಾಲು ಕುದಿಯುತ್ತಿದೆ, ತುಪ್ಪದಲ್ಲಿ ಶಾವಿಗೆ ಹುರಿದ ಘಮ, ಹೊಸ್ತಿಲಲ್ಲಿ ಜಯಮ್ಮ ಮತ್ತವರ ಸೊಸೆಯಂದಿರು!

"ಇವತ್ತು ಯಾವ ಹಬ್ಬ ಫುಪ್ಪು? ನಿಮ್ಮ ಕ್ಯಾಲೆಂಡರಿನಲ್ಲಿ ಏನೂ ಇಲ್ಲವಲ್ಲ!" ಎಂದು ನಕ್ಕೆ.

"ಹೋದ ವರ್ಷದ್ದು" ಎಂದರು, ಬಟ್ಟಲು ನನ್ನ ಕೈಗಿಡುತ್ತಾ. "ಅವತ್ತು ನಿನ್ನ ಕೈ ಹಿಡ್ಕೊಂಡು ಕೂತಿದ್ನಲ್ಲ, ಒಲೆ ಹಚ್ಚಿದ್ನಾ? ಒಬ್ರಿಗಾದ್ರೂ ಊಟಕ್ಕಿಕ್ಕಿದ್ನಾ? ಆ ಹಬ್ಬ ಹಂಗೇ ಉಳ್ಕೊಂಡಿದೆ. ಚಂದ್ರ ಎಲ್ಲಿಗಾದ್ರೂ ಹೋಗ್ಲಿ, ಈ ಹಬ್ಬ ಮಾತ್ರ ಇನ್ಮೇಲೆ ಇವತ್ತೇ. ಅಳ್ಬೇಡ, ತಿನ್ನು, ಆರೋಗ್ತದೆ!"

ಗದರಿದ್ದು ಕನ್ನಡದಲ್ಲೇ. ಅಳುತ್ತಲೇ ಎರಡು ಬಟ್ಟಲು ತಿಂದೆ.