ಅತ್ತೆಯವರ ಸೋಬಾನೆಗೆ ಹಾಕಿದ ಫಿಲ್ಟರು

‘ಇರಲಿ, ಸ್ವಲ್ಪ ಹೆಚ್ಚೇ ಇರಲಿ’ ಎನ್ನುವವರ ಪೈಕಿ ನಾನು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೊರಟರೂ ಚೀಲದಲ್ಲೊಂದು ಸ್ವೆಟರ್ ಇಟ್ಟುಕೊಳ್ಳುತ್ತೇನೆ. ನಮ್ಮ ಕಡೆಯ ಬಿಸಿಲು ಬಲ್ಲವರು ನಗಬಹುದು. ಇಂಥವನಿಗೆ ಕಾಲೇಜಿನಲ್ಲಿ ಡಿಜಿಟಲ್ ಫಿಲ್ಟರಿನ ಆರ್ಡರ್ ಅಂದಾಜು ಮಾಡುವ ಪಾಠ ವಹಿಸಿದ್ದಾರೆ. ಆರ್ಡರ್ ಎಂದರೆ, ಬೇಡದ ಸದ್ದನ್ನು ಸೋಸಲು ಫಿಲ್ಟರು ಆಗಲೇ ಬಂದುಹೋದ ಸದ್ದನ್ನು ಎಷ್ಟು ಹಿಂದಿನವರೆಗೆ ತಿರುಗಿ ನೋಡಬೇಕೆಂಬ ಲೆಕ್ಕ. ಬೇಕಾದ ಸದ್ದಿಗೂ ಬೇಡದ್ದಕ್ಕೂ ನಡುವಿನ ಅಂತರ ಕಿರಿದಾದಷ್ಟೂ ಅದು ಏರುತ್ತದೆ. ಸೂತ್ರ ಹಾಕಿದರೆ ಉತ್ತರ ಸಾಮಾನ್ಯವಾಗಿ ದಶಾಂಶದಲ್ಲಿ ಬರುತ್ತದೆ. ಮೇಲಿನ ಅಂಕಿಗೆ ಏರಿಸಿಕೊಳ್ಳಿ ಎಂದು ಹುಡುಗರಿಗೆ ಹೇಳುತ್ತೇನೆ. ನನಗೆ ಏರಿಸುವುದೆಂದರೆ ಮೊದಲಿನಿಂದಲೂ ಖುಷಿ.

ಸಿರುಗುಪ್ಪದಲ್ಲಿ ನಾದಿನಿಯ ಮಗಳ ಕುಬಸವಿತ್ತು, ಅಂದರೆ ಸೀಮಂತ. ಬಸುರಿ ಮೊಮ್ಮಗಳ ಮುಂದೆ ಸೋಬಾನೆ ಹಾಡಬೇಕೆಂಬುದು ಅತ್ತೆಯವರ ದೊಡ್ಡ ಆಸೆ. ಜ್ವರ ಬಂದು ಹೋದಮೇಲೆ ಅವರ ದನಿ ತೆಳ್ಳಗಾಗಿತ್ತು, ಮೈಕ್ ಬೇಕೇ ಬೇಕು. ಆದರೆ ಕರೆಂಟ್ ಹೋಗಿ ಜನರೇಟರು ಶುರುವಾದರೆ ಸ್ಪೀಕರಿನಲ್ಲಿ ಒಂದೇ ಸಮನೆ ಗುಂಯ್. “ಕಡೀ ಸಾಲಿನಾಗ ಕುಂತೋರಿಗೂ ನನ್ನ ಹಾಡು ಕೇಳಬೇಕ್ರಿ ಅಳಿಯಂದ್ರ, ಏನರ ಮಾಡ್ರಿ” ಎಂದರು. ಅಳಿಯ ಪ್ರೊಫೆಸರ್ ಎಂದು ಓಣಿಗೆಲ್ಲ ಹೇಳಿಕೊಂಡಿದ್ದವರು ಅವರು. ನನ್ನ ಮರ್ಯಾದೆಯೂ ಪಣಕ್ಕೆ ಬಿತ್ತು.

ಗುಂಯ್ ಪೂರ್ತಿ ಹೋಗಬೇಕು, ಅತ್ತೆಯವರ ದನಿಯ ಕೂದಲೂ ಕೊಂಕಬಾರದು ಎಂದು ಹಟ ಹಿಡಿದು ಲ್ಯಾಪ್‌ಟಾಪಿನಲ್ಲಿ ಫಿಲ್ಟರು ಕಟ್ಟಿದೆ. ಆರ್ಡರ್ ಸಾವಿರಗಳಿಗೆ ಹೋಯಿತು. ಇರಲಿ ಎಂದು ಇನ್ನಷ್ಟು ಏರಿಸಿದೆ. ಗುಂಯ್ ಬೆರೆತಿದ್ದ ಅವರ ಹಳೆಯ ರೆಕಾರ್ಡಿಂಗ್ ಹಾಕಿ ನೋಡಿದರೆ ಹಾಡು ತೊಳೆದಿಟ್ಟಂತೆ ಬಂತು. ಆರ್ಡರ್ ಏರಿದಂತೆ ಸದ್ದು ಹೊರಬರುವುದು ತಡವಾಗುತ್ತದೆಂದು ನಾನೇ ಪರೀಕ್ಷೆಯಲ್ಲಿ ಪ್ರಶ್ನೆ ಕೇಳುತ್ತೇನೆ. ಆದರೆ ರೆಕಾರ್ಡಿಂಗಿನಲ್ಲಿ ಆ ತಡ ಯಾರಿಗೆ ಗೊತ್ತಾಗಬೇಕು?

ಕುಬಸದ ದಿನ ಕರೆಂಟ್ ಹೋಗಿ ಜನರೇಟರು ಶುರುವಾಯಿತು. ನಾನು ಮೈಕಿಗೂ ಸ್ಪೀಕರಿಗೂ ನಡುವೆ ಲ್ಯಾಪ್‌ಟಾಪ್ ಇಟ್ಟು ಗತ್ತಿನಿಂದ ಕೂತೆ. ಅತ್ತೆ ಮೊದಲ ಸಾಲು ಎತ್ತಿಕೊಂಡರು. ಅವರ ದನಿಯೇ ಒಂದು ಗಳಿಗೆ ಬಿಟ್ಟು ಸ್ಪೀಕರಿನಿಂದ ಅವರ ಬೆನ್ನು ಹತ್ತಿತು. ಅವರು ತಡವರಿಸಿ ನಿಂತರು, ಅದೂ ತಡವರಿಸಿ ನಿಂತಿತು. ದನಿಗೂಡಿಸುವ ಹೆಂಗಸರಲ್ಲಿ ಅರ್ಧ ಜನ ಅತ್ತೆಯ ಕಡೆ, ಅರ್ಧ ಜನ ಸ್ಪೀಕರಿನ ಕಡೆ. ಬಸುರಿ ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು.

“ನನ್ನ ಹಿಂದ ಯಾರೋ ಅಣಕ ಮಾಡಾಕತ್ತಾರ” ಎಂದು ಅತ್ತೆ ಮೈಕ್ ಕೆಳಗಿಟ್ಟರು. ಅವರ ಸಣ್ಣಗಾದ ಮುಖ ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು.

“ರೀ, ಮೊದ್ಲು ಆ ವಯರ್ ಕೀಳ್ರಿ” ಎಂದಳು ನನ್ನ ಹೆಂಡತಿ. ಕೀಳುವುದೋ, ಆರ್ಡರನ್ನು ಅರ್ಧಕ್ಕಿಳಿಸಿ ನೋಡುವುದೋ ಎಂದು ನಾನು ಯೋಚಿಸುತ್ತಿರುವಾಗ ಅವಳೇ ಬಂದು ಕಿತ್ತು, ಮೈಕನ್ನು ನೇರ ಸ್ಪೀಕರಿಗೆ ಸಿಕ್ಕಿಸಿದಳು. ಗುಂಯ್ ವಾಪಸು ಬಂತು. ಅತ್ತೆ ಅದರ ಮೇಲೆಯೇ ಹಾಡಿದರು. ಈ ಸಲ ಹೆಂಗಸರೆಲ್ಲ ಒಟ್ಟಿಗೆ ದನಿಗೂಡಿಸಿದರು; ಕಡೆಯ ಸಾಲಿನವರೂ ತಲೆದೂಗಿದರು. ಹಾಡು ಮುಗಿಯುವಾಗ ಬಸುರಿ ಅದೇ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಸಂಜೆ ಬಳ್ಳಾರಿ ಬಸ್ಸಿನಲ್ಲಿ ಹೆಂಡತಿ ಕೇಳಿದಳು: “ಆ ಆರ್ಡರ್ ಅನ್ನೋದು ಕಮ್ಮಿ ಇಟ್ಟಿದ್ರ ನಡೀತಿರಲಿಲ್ಲೇನ್ರಿ?”

ಎಷ್ಟು ಗುಂಯ್ ಉಳಿದರೆ ಜನ ಸಹಿಸಿಕೊಳ್ಳುತ್ತಿದ್ದರು, ದನಿಗೆ ಎಷ್ಟು ಪೆಟ್ಟಾಗುತ್ತಿತ್ತು, ಎಷ್ಟು ತಡವಾದರೆ ಕಿವಿಗೆ ತಿಳಿಯುವುದಿಲ್ಲ ಎಂದು ಎಲ್ಲವನ್ನೂ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಇರಲಿ ಎಂದು ಇನ್ನೊಂದು ಸಲ ತಾಳೆ ನೋಡಿದೆ. ಆಮೇಲೆ ಗಂಭೀರವಾಗಿ, “ನಡೀತಿತ್ತು” ಎಂದೆ.

ಅಷ್ಟರಲ್ಲಿ ಬಸ್ಸು ತೆಕ್ಕಲಕೋಟೆ ದಾಟಿ ಬಹಳ ಹೊತ್ತಾಗಿತ್ತು. ಅವಳು ನನ್ನ ಭುಜಕ್ಕೊರಗಿ ನಿದ್ದೆ ಹೋಗಿದ್ದಳು.