ಹದಿಮೂರು ಹಾಡುಗಳಿಗೊಂದು ಟೈಂಟೇಬಲ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಸರದಿಯ ಭಕ್ತ. ಒಂದರ ಹಿಂದೊಂದು ಸಾಲಾಗಿ ಹೋಗುವುದು ಏನೇ ಇರಲಿ, ಇರುವೆಯಾದರೂ ಸರಿ, ನೋಡಿದರೆ ನನ್ನ ಮನಸ್ಸಿಗೆ ತಂಪು. ಹಿಂದೂಪುರದ ಬಸ್ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಕಂಟ್ರೋಲರ್ ಆಗಿದ್ದವನು ನಾನು. ಯಾವ ಬಸ್ಸು ಯಾವುದರ ಹಿಂದೆ, ಎಷ್ಟು ನಿಮಿಷ ಬಿಟ್ಟು ಹೊರಡಬೇಕೆಂದು ಹೇಳುವುದೇ ನನ್ನ ಉದ್ಯೋಗ. ನಿವೃತ್ತನಾದ ಮೇಲೆ ಆ ಅಭ್ಯಾಸ ಅಡುಗೆಮನೆಗೆ ವರ್ಗವಾಯಿತು. ಒಗ್ಗರಣೆಗೆ ಹೊರಡುವ ಕ್ರಮದಲ್ಲಿ ಡಬ್ಬಿಗಳನ್ನು ನಿಲ್ಲಿಸಿದ್ದೇನೆ: ಸಾಸಿವೆ, ಜೀರಿಗೆ, ಮೆಣಸಿನಕಾಯಿ. "ತಾಳಿ ಕಟ್ಟೋವಾಗ್ಲೂ ಇವ್ರು ಗಡಿಯಾರ ನೋಡ್ಕಂಡು, ನಾಕು ನಿಮಿಷ ಲೇಟು ಪುರೋಹಿತ್ರೇ ಅಂದ್ಬುಟ್ರು ಕಣಮ್ಮ" ಎಂದು ನನ್ನ ಹೆಂಡತಿ ಸರೋಜಮ್ಮ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಶುದ್ಧ ಸುಳ್ಳು. ಆರು ನಿಮಿಷ.

ಇಂಥ ಮನೆಯ ಮಹಡಿ ಕೋಣೆಗೆ ಮೂರು ವರ್ಷದ ಹಿಂದೆ ಹಿಪ್ ಹಾಪ್ ಬಂದು ಸೇರಿಕೊಂಡಿತು. ತಂದವಳು ನನ್ನ ಮೊಮ್ಮಗಳು ಪಾವನಿ. ಬೆಳಿಗ್ಗೆಯೆಲ್ಲ ಲ್ಯಾಬಿನಲ್ಲಿ ಜನರ ರಕ್ತ ತೆಗೆಯುತ್ತಾಳೆ, ಸಂಜೆ ನಮ್ಮ ಮನೆಯಲ್ಲಿ ನನ್ನದು. ಅವಳ ಜೊತೆಗೆ ಮೊಬೈಲ್ ರಿಪೇರಿ ಅಂಗಡಿಯ ಇಮ್ರಾನ್, ಕಲ್ಯಾಣದುರ್ಗದ ಬೀಜದ ಅಂಗಡಿಯಲ್ಲಿ ಕೆಲಸ ಮಾಡುವ ಓಬಳೇಶ. ತಂಡಕ್ಕೆ ಕರ್ನಾಟಕ-ಆಂಧ್ರ ಗಡಿಯ ತಪಾಸಣೆ ಗೇಟಿನದೇ ಹೆಸರು, 'ಕೊಡಿಕೊಂಡ ಚೆಕ್‌ಪೋಸ್ಟ್'; ಕನ್ನಡವೂ ತೆಲುಗೂ ತಡೆಯಿಲ್ಲದೆ ದಾಟುತ್ತವೆ ಎಂಬ ಅರ್ಥದಲ್ಲಂತೆ. ಇದು ಸಾಧಾರಣ ಹಿಪ್ ಹಾಪ್ ಅಲ್ಲ, ಆಲ್ಟರ್ನೇಟಿವ್ ಎಂದರು. ಹಾಗೆಂದರೇನು ಎಂದು ಕೇಳಿದೆ. "ಬೇರೇವ್ರು ಕಾರು, ಬಂಗಾರದ ಚೈನು ಅಂತ ಹಾಡ್ತಾರೆ ತಾತ. ನಮ್ಮತ್ರ ಅವೆಲ್ಲ ಎಲ್ಲವೆ? ಇರೋದನ್ನೇ ಹಾಡ್ತೀವಿ" ಎಂದ ಇಮ್ರಾನ್. ಇರುವುದೆಂದರೆ ಪಕ್ಕದ ಬೀದಿಯ ಮಗ್ಗದ ಸದ್ದು, ಹಾಸ್ಟೆಲಿನ ಸಾಂಬಾರು, ಸೋಮಂದೇಪಲ್ಲಿಯಲ್ಲಿ ಕೈ ತೋರಿಸಿದರೂ ನಿಲ್ಲದೆ ಹೋಗುವ ಬಸ್ಸು. ಆ ಕೊನೆಯದನ್ನು ಕೇಳಿ ನಾನು ಇಲಾಖೆಯ ಪರವಾಗಿ ಆಕ್ಷೇಪ ಎತ್ತಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹದಿಮೂರು ಹಾಡುಗಳು ಮುಗಿದವು. ಮೊದಲ ಆಲ್ಬಮ್, ಹೆಸರು 'ಸಿಪ್ಪೆ'. ಇನ್ನು ಬಿಡುಗಡೆ ಮಾಡುವುದೊಂದೇ ಬಾಕಿ ಎನ್ನುವಾಗ, ಯಾವ ಹಾಡು ಮೊದಲು ಎಂಬ ಜಗಳ ಹತ್ತಿಕೊಂಡಿತು. ಪಾವನಿ ತನ್ನ ಮಗ್ಗದ ಹಾಡು ಮೊದಲು ಬರಬೇಕೆಂದಳು. ಓಬಳೇಶ ಒಪ್ಪಲಿಲ್ಲ, ತನ್ನದೇ ಮೊದಲು ಎಂದ. ಅವನ ಹಾಡು ಅವನ ತಾಯಿಯದು. ಆಕೆ ಬಿತ್ತನೆಗೆ ಕಡ್ಲೆಕಾಯಿ ಸುಲಿಯುತ್ತ, ಇದು ಗಟ್ಟಿ, ಇದು ಜಳ್ಳು ಎಂದು ಬೇರೆ ಮಾಡುತ್ತ ಆಡುವ ಮಾತುಗಳೇ ಅದರ ಪದಗಳು. ಸಿಪ್ಪೆ ಒಡೆಯುವ ಚಟ್ ಚಟ್ ಸದ್ದೇ ತಾಳ. ಆಲ್ಬಮ್ಮಿಗೆ ಹೆಸರು ಬಂದದ್ದೂ ಅದರಿಂದಲೇ. ಒಂದು ಮಧ್ಯಾಹ್ನ ಅವನು ಹೆಗಲಿಗೆ ಚೀಲ ಹಾಕಿಕೊಂಡು ಮೆಟ್ಟಿಲಿಳಿದು ಬಂದ.

"ಎಲ್ಲಿಗೋ?" ಎಂದೆ.

"ಊರಿಗೆ ಹೋಯ್ತೀನಿ ತಾತ. ನಮ್ಮಮ್ಮನ್ನ ಹಿಂದಿನ ಸೀಟಲ್ಲಿ ಕೂರ್ಸಕ್ಕೆ ನನ್ನ ಕೈಲಾಗಲ್ಲ. ಎಲ್ಲಾ ಹಾಡ್ನಾಗೂ ನನ್ನ ಗೊಂತು ತೆಗೆದ್ಬುಡ್ಲಿ." ಗೊಂತು ಎಂದರೆ ತೆಲುಗಿನಲ್ಲಿ ದನಿ.

"ಹೋಗ್ಲಾ ಹೋಗು, ನಿನ್ ಗೊಂತೇನು ಗಂಟೆನಾ?" ಎಂದು ಮೇಲಿನಿಂದ ಪಾವನಿ ಕೂಗಿದಳು. ಕೂಗಿದ್ದು ಜೋರಾಗಿಯೇ, ಆದರೆ ಕೂಗಿದ ಮೇಲೆ ಅವಳೂ ಎರಡು ಮೆಟ್ಟಿಲಿಳಿದು ಬಂದಳು. ಅವನ ದನಿಯಿಲ್ಲದೆ ಆಲ್ಬಮ್ ಇಲ್ಲ ಎಂದು ಅವಳಿಗೂ ಗೊತ್ತಿತ್ತು. ಎರಡು ವರ್ಷದ ಕೆಲಸ ನಮ್ಮ ಮೆಟ್ಟಿಲಿನ ಮೇಲೆ ಚೀಲ ಹೊತ್ತು ನಿಂತಿತ್ತು.

ನನಗೆ ಹಾಡು ತಿಳಿಯದು, ಆದರೆ ಈ ಜಗಳ ತಿಳಿಯುತ್ತದೆ. ಬೆಳಗಿನ ಐದೂ ನಲವತ್ತಕ್ಕೆ ಮೊದಲು ಹೊರಡುವವರು ಯಾರೆಂದು ಪೆನುಕೊಂಡದ ಡ್ರೈವರೂ ಮಡಕಶಿರಾದ ಡ್ರೈವರೂ ಅಂಗಿ ಹಿಡಿದುಕೊಂಡದ್ದನ್ನು ನಾನೇ ಬಿಡಿಸಿದ್ದೇನೆ. ಮೊದಲ ಬಸ್ಸು ಡ್ರೈವರನ ಮರ್ಯಾದೆಗಲ್ಲ, ಕಾಯುತ್ತ ನಿಂತವರಿಗೆ. ಮೂವರನ್ನೂ ಊಟದ ಮೇಜಿನ ಸುತ್ತ ಕೂರಿಸಿ, ಹಾಳೆಗೆ ಸ್ಕೇಲಿನಿಂದ ಗೆರೆ ಹಾಕಿ, ಹದಿಮೂರು ಹಾಡುಗಳನ್ನೂ ಒಂದಾದ ಮೇಲೊಂದು ಕೇಳಿದೆ. ಸರೋಜಮ್ಮ ಎರಡು ಸಲ ಕಾಫಿ ಕೊಟ್ಟಳು. "ಹಾಡಿಗೂ ಪ್ಲಾಟ್‌ಫಾರಂ ನಂಬರ್ ಹಾಕ್ತಾರೆ ನೋಡು ಇವ್ರು" ಎಂದಳು.

ಹಾಕಿದೆ. ಮೊದಲನೆಯದಾಗಿ, ಯಾರೂ ಜಗಳವಾಡದ ಸಾಂಬಾರಿನ ಹಾಡು; ಮೂವರೂ ಹಾಡಿದ್ದರು, ಎಲ್ಲ ಊರಲ್ಲೂ ನಿಲ್ಲುವ ಬಸ್ಸಿನಂತೆ ಯಾರು ಬೇಕಾದರೂ ಹತ್ತಬಹುದಿತ್ತು. ತುಂಬಿದ ಎರಡು ಗಾಡಿ ಒಟ್ಟಿಗೆ ಬಿಡಬಾರದು, ಆದ್ದರಿಂದ ಗಲಾಟೆಯದೊಂದು, ಮೆತ್ತನೆಯದೊಂದು. ಪಾವನಿಯದು ಕೊನೆಯ ಬಸ್ಸು; ಅದು ತಪ್ಪಿದವರು ಜನ್ಮವಿಡೀ ನೆನೆಯುತ್ತಾರೆ. ಓಬಳೇಶನ ತಾಯಿ ಏಳನೆಯ ಸ್ಥಾನದಲ್ಲಿ.

"ಏಳಾ?" ಎಂದು ಅವನು ಎದ್ದೇಬಿಟ್ಟ.

"ಕೂತ್ಕೋ. ಅಮ್ಮನ್ನ ಮುಂದಿನ ಸೀಟಲ್ಲಿ ಕೂರಿಸಿದ್ರೆ ಬ್ರೇಕ್ ಹಾಕಿದಾಗೆಲ್ಲ ಮುಗ್ಗರಿಸ್ತಾಳೆ. ಹಿಂದೆ ಕೂರಿಸಿದ್ರೆ ಎತ್ತಿ ಹಾಕುತ್ತೆ. ಹದಿಮೂರರಲ್ಲಿ ಏಳು ಅಂದ್ರೆ ನಟ್ಟನಡುವೆ. ಕುಲುಕಾಟ ಕಡಿಮೆ, ಕಿಟಕಿ ಪಕ್ಕ."

ಅವನು ಚೀಲ ಎತ್ತಿಕೊಂಡು ಹೊರಟುಹೋದ. ಎರಡು ದಿನ ಫೋನ್ ಎತ್ತಲಿಲ್ಲ. ಪಾವನಿ ಸರಿಯಾಗಿ ಊಟ ಮಾಡಲಿಲ್ಲ. ನಾನು ಆ ಹಾಳೆಯನ್ನು ನೋಡುತ್ತ, ಆರನೆಯದು ಅಂದಿದ್ದರೆ ಒಪ್ಪುತ್ತಿದ್ದನೇನೋ ಎಂದು ಸಣ್ಣಬುದ್ಧಿಯ ಲೆಕ್ಕ ಹಾಕಿದೆ. ಮೂರನೆಯ ದಿನ ಅವನೇ ಫೋನ್ ಮಾಡಿದ. "ಅಮ್ಮನ್ನ ಕೇಳ್ದೆ ತಾತ. ಕಿಟಕಿ ಪಕ್ಕ ಆದ್ರೆ ಆಯ್ತು ಅಂದ್ಳು. ನಾಳೆ ಬತ್ತೀನಿ."

'ಸಿಪ್ಪೆ' ಹೊರಬಂತು. ನಾವು ಎಣಿಸಿರದಷ್ಟು ಹೊಗಳಿಕೆ ಬಂತು. ಬೆಂಗಳೂರಿನವರು ಬರೆದರು, ಹೈದರಾಬಾದಿನವರು ಬರೆದರು. ಒಬ್ಬ ವಿಮರ್ಶಕರಂತೂ 'ಕ್ರಮವೆಂಬುದನ್ನೇ ಧಿಕ್ಕರಿಸುವ ಧೈರ್ಯ ಈ ಹಾಡುಗಳ ಜೋಡಣೆಯಲ್ಲಿದೆ' ಎಂದು ಬರೆದಿದ್ದರು. ಸರೋಜಮ್ಮ ಅದನ್ನು ನನಗೆ ಮೂರು ಸಲ ಗಟ್ಟಿಯಾಗಿ ಓದಿ ಹೇಳಿದಳು, ಮೂರನೆಯ ಸಲ ನಗು ತಡೆಯಲಾರದೆ ಪೂರ್ತಿ ಮಾಡಲಿಲ್ಲ.

ಕಲ್ಯಾಣದುರ್ಗದಲ್ಲಿ ಸನ್ಮಾನ, ಹಾಡು ಎರಡೂ ಇಟ್ಟುಕೊಂಡಿದ್ದರು. ಓಬಳೇಶ ಅಲ್ಲೇ ಇದ್ದ; ನಾನು, ಪಾವನಿ, ಇಮ್ರಾನ್ ಬಸ್ಸಿನಲ್ಲಿ ಹೊರಟೆವು. ಇನ್ನು ಒಂದು ಗಂಟೆ ದಾರಿ ಇರುವಾಗ ಬಸ್ಸು ಕೆಟ್ಟು ನಿಂತಿತು. ಇಡೀ ಸರ್ವೀಸಿನಲ್ಲಿ ಯಾವುದನ್ನು ಶತ್ರು ಎಂದು ಬೈದಿದ್ದೆನೋ ಆ ಶೇರ್ ಜೀಪನ್ನೇ ಹತ್ತಬೇಕಾಯಿತು. ಹದಿನಾಲ್ಕು ಜನ, ಎರಡು ಮೂಟೆ. ಡ್ರೈವರ್ ಹಾಡು ಹಾಕಿದ. ನಮ್ಮದೇ ಆಲ್ಬಮ್! ಒಂಬತ್ತನೆಯ ಹಾಡು, ಅದರ ಹಿಂದೆ ಎರಡನೆಯದು, ಆಮೇಲೆ ಹನ್ನೊಂದು.

"ಏನಪ್ಪ ಇದು, ಸಾಲಾಗಿ ಹಾಕಬಾರ್ದಾ?" ಎಂದೆ.

"ಷಫಲ್ಲು ಸಾರ್. ಅದೇ ಕಲಸ್ಕಂಡು ಬತ್ತದೆ. ಎಲ್ರೂ ಅಂಗೇ ಕೇಳಾದು."

ಪಾವನಿ ಕಿಟಕಿಯಾಚೆ ತಿರುಗಿ ಭುಜ ಕುಲುಕಿಸಿ ನಗುತ್ತಿದ್ದಳು. ಅವಳಿಗೆ ಇದು ಮೊದಲೇ ತಿಳಿದಿತ್ತೆಂದು ನನಗೆ ಆಗ ತಿಳಿಯಿತು. ಅಷ್ಟರಲ್ಲಿ ಚಟ್ ಚಟ್ ಎಂದು ಕಡ್ಲೆಕಾಯಿ ಒಡೆಯಿತು. ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳ ಹೆಬ್ಬೆರಳು ಬುಟ್ಟಿಯ ಅಂಚಿನ ಮೇಲೆ ತಾಳಕ್ಕೆ ಸರಿಯಾಗಿ, ಸಿಪ್ಪೆ ಒಡೆಯುವಂತೆ ಒತ್ತುತ್ತಿತ್ತು. "ಮಾ ಅಮ್ಮ ಇಟ್ಲೇ ಅಂಟುಂಡೆ ಕಣಮ್ಮ" ಎಂದಳು, ತನ್ನ ತಾಯಿಯೂ ಹೀಗೇ ಅನ್ನುತ್ತಿದ್ದಳೆಂದು, ಯಾರಿಗೆಂದಿಲ್ಲದೆ.

ಹಾಡು ಮುಗಿಯಿತು. ಮುಂದಿನದು ಶುರುವಾಗುವ ಮೊದಲೇ ಹಿಂದಿನ ಸೀಟಿನಿಂದ ಯಾರೋ, "ಅದೇ ಇನ್ನೊಂದ್ಸಲ ಹಾಕಪ್ಪ" ಎಂದರು. ದನಿ ನನ್ನದೇ.

ಪಾವನಿ ತಿರುಗಿ ನೋಡಿದಳು. "ಆರ್ಡರು ಏನಾಯ್ತು ತಾತಾ?"

"ಇದು ಸ್ಪೆಷಲ್ಲು" ಎಂದೆ ಗಂಭೀರವಾಗಿ. ಹಬ್ಬದ ದಿನ ಜನ ಹೆಚ್ಚಾದರೆ ಟೈಂಟೇಬಲ್ಲಿನಲ್ಲಿಲ್ಲದ ಬಸ್ಸನ್ನು ಬಿಡುವ ಅಧಿಕಾರ ನಮಗೆ ಯಾವತ್ತೂ ಇತ್ತು. ಓಬಳೇಶ ಹೇಳಿದಂತೆ ಆ ಹಾಡನ್ನೇ ಮೊದಲನೆಯದಾಗಿ ಬಿಡಬಹುದಿತ್ತಲ್ಲವೇ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಂಟ್ರೋಲರ್ ಆದವನು ತಪ್ಪು ಒಪ್ಪಿಕೊಳ್ಳುವುದಿಲ್ಲ. ಸ್ಪೆಷಲ್ ಬಸ್ಸು ಬಿಡುತ್ತಾನೆ.