ಸಂಕಪ್ಪನ ಎಚ್ಚರಿಕೆ ಬೋರ್ಡು

ಬೋರ್ಡಿನ ಪೀಡೆ ಅಂಟಿಸಿ ಹೋದವನು ಹೆಲ್ತ್ ಇನ್ಸ್‌ಪೆಕ್ಟರ್ ಭಾಟಿಯಾ.

"ಕಾಫಿಯಲ್ಲಿ ಏನಿದೆ, ಕುಡಿದರೆ ಏನಾಗುತ್ತದೆ, ಗಿರಾಕಿಗೆ ಕಾಣುವ ಹಾಗೆ ಬರೆದು ಹಾಕಿ. ಸಂಜೆ ಬರ್ತೀನಿ. ಬೋರ್ಡಿಲ್ಲದಿದ್ದರೆ ಲೈಸೆನ್ಸಿಗೆ ಸಹಿ ಇಲ್ಲ" ಎಂದು ಹಿಂದಿಯಲ್ಲಿ ಹೇಳಿ ಸೈಕಲ್ ಹತ್ತಿದ್ದ. ಎಮರ್ಜೆನ್ಸಿಯ ಕಾಲ. ಯಾಕೆ ಎಂದು ಕೇಳುವ ಹಾಗಿರಲಿಲ್ಲ.

ಸಂಕಪ್ಪ ಹೆದರುವ ಕುಳವಲ್ಲ. ದಿಲ್ಲಿಯ ಚಳಿಯಲ್ಲೂ ಹದಿನೈದು ವರ್ಷ ಪಂಚೆಯಲ್ಲೇ ಹೋಟೆಲು ನಡೆಸಿದವನು. ಸಹಾಯಕ್ಕೆ ಗುಂಡಣ್ಣನೂ ಇದ್ದ. ತಿಮಾರ್‌ಪುರದ ಸರ್ಕಾರಿ ಕ್ವಾರ್ಟರ್ಸಿನ ಈ ಗುಮಾಸ್ತ ಅಂದು ಮೊಣಕಾಲು ನೋವೆಂದು ರಜೆ ಹಾಕಿ, ನಡೆದುಕೊಂಡೇ ಹೋಟೆಲಿಗೆ ಬಂದಿದ್ದ.

"ಕಾಫಿ ಕುಡಿದರೆ ಏನಾಗ್ತದೆ, ಗುಂಡಣ್ಣನವರೇ?"

"ನಿದ್ದೆ ಹಾರಿಹೋಗ್ತದೆ. ಕೆಫೀನು ಅಂತ ಒಂದಿದೆ, ಅದರ ಕೆಲಸ. ಹತ್ತು ವರ್ಷದಿಂದ ನಿಮ್ಮ ಕಾಫಿ ಕುಡಿದೇ ನನಗೆ ರಾತ್ರಿ ಕಣ್ಣು ಮುಚ್ಚೋದಿಲ್ಲ."

ಗುಂಡಣ್ಣ ದಪ್ಪ ಅಕ್ಷರದಲ್ಲಿ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಬರೆದ: ಎಚ್ಚರಿಕೆ! ಇಲ್ಲಿನ ಕಾಫಿಯಲ್ಲಿ ಕೆಫೀನ್ ಹೇರಳವಾಗಿದೆ. ಕುಡಿದವರಿಗೆ ಬೆಳಗಿನವರೆಗೆ ನಿದ್ದೆ ಬಾರದು.

"ಹೇರಳ ಅಂತ ಬೇಕಾ?"

"ಸರ್ಕಾರಕ್ಕೆ ಬರೆಯುವಾಗ ಕಡಿಮೆ ಬರೀಬಾರದು."

ಗಿರಾಕಿಗಳು ಓಡಿಹೋಗುತ್ತಾರೆಂದು ಸಂಕಪ್ಪನ ಹೆಂಡತಿ ಅಮ್ಮಣ್ಣಿ ಗೊಣಗಿದಳು. ಆದದ್ದೇ ಬೇರೆ. ಯೂನಿವರ್ಸಿಟಿಯಲ್ಲಿ ಸೋಮವಾರದಿಂದ ಪರೀಕ್ಷೆ. ಬೋರ್ಡು ಓದಿದ ಒಬ್ಬ ವಿದ್ಯಾರ್ಥಿ ಹಾಸ್ಟೆಲಿಗೆ ಓಡಿ ಹತ್ತು ಜನರನ್ನು ಕರೆತಂದ. ಮಧ್ಯಾಹ್ನದ ಹೊತ್ತಿಗೆ ಸಾಲು ಬೀದಿಗೆ ಬಂತು. ಅಡಿಗೆಯ ಚನಿಯ ಡಿಕಾಕ್ಷನ್ ಇಳಿಸಿ ಇಳಿಸಿ ಬೆವರಿದ.

"ನೋಡಿದೆಯಾ? ಕಾನೂನಿಗೆ ಮರ್ಯಾದೆ ಕೊಟ್ಟರೆ ಕಾನೂನೂ ನಮಗೆ ಮರ್ಯಾದೆ ಕೊಡ್ತದೆ" ಎಂದ ಸಂಕಪ್ಪ ಹೆಂಡತಿಗೆ. ಮೂರು ಲೋಟ ಕುಡಿದ ಹುಡುಗನೊಬ್ಬ ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದುದನ್ನು ಅವನು ಅಷ್ಟಾಗಿ ಗಮನಿಸಲಿಲ್ಲ.

ಐದು ಗಂಟೆಗೆ ಬಂದ ಭಾಟಿಯಾ ಗಮನಿಸಿದ. ಬೋರ್ಡು ಓದಿದ, ಗೊರಕೆ ಕೇಳಿದ, ಒಂದು ಗ್ಲಾಸು ತಣ್ಣೀರು ತರಿಸಿ ಅದರ ಮೇಲೆ ಚಿಟಿಕೆ ಕಾಫಿಪುಡಿ ಉದುರಿಸಿದ.

"ಕಾಫಿಯಾದರೆ ತೇಲ್ತದೆ. ಚಿಕೋರಿಯಾದರೆ ಮುಳುಗ್ತದೆ."

ಪುಡಿಯೆಲ್ಲ ಕಂದು ಗೆರೆ ಎಳೆಯುತ್ತ ತಳಕ್ಕೆ ಇಳಿಯಿತು. ಮೇಲೆ ನಾಲ್ಕೇ ಕಾಳು ಉಳಿದವು.

"ಚಿಕೋರಿ ಬರೀ ಬೇರಿನ ಪುಡಿ, ಇದರಲ್ಲಿ ಕೆಫೀನೆಲ್ಲಿದೆ? ನಿನ್ನ ಬೋರ್ಡೇ ಸುಳ್ಳು."

ಸಂಕಪ್ಪ ಕೈ ಮುಗಿದ. "ಚಿಕೋರಿ ಅರ್ಧ ಹಾಕಿದ್ದು ನಿಜ ಸಾಬ್. ಪುಡಿಯ ರೇಟು ಏರಿದೆ. ಆದರೆ ಉಳಿದರ್ಧ ಕಾಫಿಯೇ."

"ನೀವೂ ಹಾಕ್ತಿದ್ದಿರಾ?" ಅಮ್ಮಣ್ಣಿ ಒಳಗಿಂದ ಬಂದಳು. "ಡಿಕಾಕ್ಷನ್ ಗಟ್ಟಿ ಬರಲಿ ಅಂತ ಡಬ್ಬಿಗೆ ತುಂಬುವಾಗ ನಾನೂ ಅಷ್ಟೇ ಸೇರಿಸ್ತಿದ್ದೆ."

ಚನಿಯ ತಲೆ ಕೆರೆದುಕೊಂಡ. "ಬಣ್ಣ ಸಾಲದು ಅಂತ ಫಿಲ್ಟರಿಗೆ ಹಾಕುವಾಗ ನಾನೂ ಅಷ್ಟು ಬೆರೆಸ್ತಿದ್ದೆ, ಧಣಿ."

"ಯಾವಾಗಿಂದ?" ಎಂದ ಸಂಕಪ್ಪ.

"ಹೋಟೆಲು ಶುರುವಾದಾಗಿನಿಂದ."

ಹತ್ತು ವರ್ಷ ನಿದ್ದೆಗೆಟ್ಟ ಗುಂಡಣ್ಣನ ಮುಖ ಇಂಗು ತಿಂದ ಮಂಗನಂತಾಯಿತು.

"ಏಳು ಗಂಟೆಯೊಳಗೆ ಬೋರ್ಡು ನಿಜವಾಗಬೇಕು. ಇಲ್ಲವೇ ಬಾಗಿಲು ಹಾಕು" ಎಂದು ಭಾಟಿಯಾ ಅಲ್ಲೇ ಕೂತ.

ಊರಿಂದ ನೆಂಟರು ಬಂದರೆ ಇರಲಿ ಎಂದು ಅಮ್ಮಣ್ಣಿ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟಿದ್ದ ಶುದ್ಧ ಪುಡಿ ಹೊರಬಂತು. ನೀರಿನ ಮೇಲೆ ಎಲ್ಲ ತೇಲಿತು. ಭಾಟಿಯಾ ಚೀಲದಿಂದ ಲೈಸೆನ್ಸು ಹೊರತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದ. ಸಂಕಪ್ಪ ಎದೆಯುಬ್ಬಿಸಿ ಎಲ್ಲರಿಗೂ ತಾನೇ ಕಾಫಿ ಹಂಚಿದ.

ಮೊದಲ ಗುಟುಕಿಗೇ ಹುಡುಗರು ಮುಖ ಕಿವುಚಿದರು.

"ಭಯ್ಯಾ, ಇದರಲ್ಲಿ ಏನು ಬೆರೆಸಿದೆ?"

ಗುಂಡಣ್ಣ ಲೋಟ ಕೆಳಗಿಟ್ಟ. "ಹತ್ತು ವರ್ಷದ ನಾಲಗೆ ನನ್ನದು, ಸಂಕಪ್ಪಣ್ಣ. ಇದು ಖಂಡಿತ ಕಲಬೆರಕೆ."

ಬಾಯಿಮಾತಿನಲ್ಲಿ ನಿಲ್ಲಿಸಿದ್ದರೆ ಅವನು ಗುಮಾಸ್ತನೇ ಅಲ್ಲ. ಕಾರ್ಬನ್ ಹಾಳೆ ಇಟ್ಟು ಮೂರು ಪ್ರತಿ ದೂರು ಬರೆದ. ಇಪ್ಪತ್ತಮೂರು ವಿದ್ಯಾರ್ಥಿಗಳು ಸಹಿ ಹಾಕಿದರು. ಭಾಟಿಯಾ ಪೆನ್ನಿಗೆ ಮುಚ್ಚಳ ಹಾಕಿದ.

"ಪುಡಿ ಶುದ್ಧವೇ. ಆದರೆ ಲಿಖಿತ ದೂರು ಬಂದ ಮೇಲೆ ವಿಚಾರಣೆ ಆಗಲೇಬೇಕು" ಎಂದು ಲೈಸೆನ್ಸನ್ನು ಮತ್ತೆ ಚೀಲಕ್ಕೆ ಸೇರಿಸಿ ಹೊರಟ.

ಹೋಟೆಲು ಖಾಲಿಯಾಯಿತು. ಉಳಿದ ಕಾಫಿಯನ್ನು ಚೆಲ್ಲಲು ಮನಸ್ಸಾಗದೆ ಸಂಕಪ್ಪ ತಾನೇ ನಾಲ್ಕು ಲೋಟ ಕುಡಿದು ಮಲಗಿದ. ಬೋರ್ಡಿನಲ್ಲಿ ಬರೆದದ್ದು ಆ ರಾತ್ರಿ ಅಕ್ಷರಶಃ ನಿಜವಾಯಿತು.